ಆ ಇಪ್ಪತ್ತು ರೂಪಾಯಿ ನಿಜವಾಗ್ಲೂ ಅವನದೇ ಆಗಿರ್ಲಿ

ಪ್ರಶ್ನೆ: ನಮ್ಮದು ದಾವಣಗೆರೆ. ಮಗನಿಗೆ 7 ವರ್ಷ, ಎರಡನೇ ಕ್ಲಾಸು, ಮಗಳಿಗೆ 4. ಅಂಗಡಿಗೆ ಕರ್ಕೊಂಡು ಹೋದ್ರೆ ಮಗ ಕಂಡಿದ್ದೆಲ್ಲ ಬೇಕು ಅಂತಾನೆ, ದುಡ್ಡಿಲ್ಲ ಕಣೋ ಅಂದ್ರೆ 'ಫೋನಲ್ಲಿ ಸ್ಕ್ಯಾನ್ ಮಾಡು' ಅಂತಾನೆ. ಅವರಜ್ಜ ದಿನಾ ಸಂಜೆ ಹತ್ತೋ ಇಪ್ಪತ್ತೋ ಕೈಗೆ ಕೊಟ್ಟುಬಿಡ್ತಾರೆ. ಹೋದ ವಾರ ಕೇಳದೇನೇ ಅಜ್ಜನ ಅಂಗಿ ಜೇಬಿಂದ 50 ರೂಪಾಯಿ ತಗೊಂಡು ಕ್ರಿಕೆಟ್ ಕಾರ್ಡ್ ತಂದಿದ್ದ, ನಮ್ಮನೆಯವ್ರು ಹೊಡೆದ್ರು. ಪಾಕೆಟ್ ಮನಿ ಶುರು ಮಾಡೋಣ್ವಾ ಅಂತ ನಾನಂದ್ರೆ ಇಷ್ಟು ಚಿಕ್ಕ ಮಕ್ಕಳಿಗೆ ಯಾಕೆ ದುಡ್ಡಿನ ವಿಷ್ಯ ಅಂತಾರೆ. ಮನೆಕೆಲ್ಸ ಮಾಡಿದ್ರೆ ದುಡ್ಡು ಕೊಡೋದು ಸರೀನಾ? ಮಕ್ಕಳ ಹೆಸ್ರಲ್ಲಿ ಬ್ಯಾಂಕ್ ಅಕೌಂಟ್ ಮಾಡಿಸಬೇಕಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೊದ್ಲು ಆ 50 ರೂಪಾಯಿ ವಿಷ್ಯ ಮುಗಿಸಿಬಿಡೋಣ, ನಿಮ್ಮನೇಲಿ ಈಗ ಬಿಸಿಬಿಸಿ ಇರೋದು ಅದೇ ತಾನೆ. ಕೇಳದೆ ತಗೊಳ್ಳೋದು ತಪ್ಪು ಅಂತ ಏಳು ವರ್ಷದ ಹುಡುಗನಿಗೆ ಗೊತ್ತಿರತ್ತೆ, ಗೊತ್ತಿಲ್ಲ ಅಂತ ನಾನು ಹೇಳಲ್ಲ, ಆದ್ರೆ ದಿನಾ ಸಂಜೆ ಯಾವ ಜೇಬಿಂದ ಹತ್ತು ಇಪ್ಪತ್ತು ತಾನಾಗೇ ಬರ್ತಿತ್ತೋ ಅದೇ ಜೇಬಿಗೆ ಅವನು ಕೈ ಹಾಕಿರೋದು, ಅದನ್ನೂ ನೋಡಿ. ಅವನ ಲೆಕ್ಕದಲ್ಲಿ ಅದು ಅರ್ಧ ಅವನದೇ ಜೇಬು. ಹೊಡೆದಿದ್ದು ಆಗೋಯ್ತು, ಇನ್ಮೇಲೆ 'ಕಳ್ಳ' ಅನ್ನೋ ಮಾತು ಮಾತ್ರ ಮನೇಲಿ ಯಾರ ಬಾಯಲ್ಲೂ ಬರೋದು ಬೇಡ, ನೆಂಟರು ಬಂದಾಗ ಆ ಕಥೆ ಹೇಳಿ ನಗೋದಂತೂ ಬೇಡ್ವೇ ಬೇಡ. ಆದ್ರೆ ದುಡ್ಡು ವಾಪಸ್ ಹೋಗ್ಲೇಬೇಕು. ಮುಂದೆ ಹೇಳ್ತೀನಲ್ಲ, ಆ ವಾರದ ದುಡ್ಡಲ್ಲಿ ವಾರಕ್ಕೆ 5 ರೂಪಾಯಿ ಹಾಗೆ ಅವನ ಕೈಯಿಂದಾನೇ ಅಜ್ಜನಿಗೆ ಕೊಡಿಸಿ. ಪೂರ್ತಿ 50 ತೀರೋಕೆ 10 ವಾರ ಬೇಕು, ಆ ವಯಸ್ಸಿಗೆ ಅದೊಂದು ಯುಗ, ಅದಕ್ಕೆ 5 ವಾರ ಸಾಕು, ಮಿಕ್ಕಿದ್ದನ್ನ ಏಟು ತಿಂದ ಲೆಕ್ಕಕ್ಕೆ ವಜಾ ಮಾಡ್ಕೊಳ್ಳಿ. ಇದ್ರಲ್ಲಿ ಹುಡುಗನಿಗಿಂತ ಕಷ್ಟ ಆಗೋದು ಅಜ್ಜನಿಗೆ. ಎರಡನೇ ವಾರಕ್ಕೇ 'ಹೋಗ್ಲಿ ಬಿಡು ಮಗಾ, ನೀನೇ ಇಟ್ಕೋ' ಅಂತಾರೆ ನೋಡಿ, ಹಾಗನ್ನಬೇಡಿ ಅಂತ ಮೊದ್ಲೇ ಅವ್ರನ್ನ ಕೂರಿಸಿ ಹೇಳಿಬಿಡಿ.

ಈಗ ನಿಮ್ಮನೆಯವ್ರ ಪ್ರಶ್ನೆ, ಚಿಕ್ಕ ಮಕ್ಕಳಿಗೆ ದುಡ್ಡಿನ ವಿಷ್ಯ ಯಾಕೆ ಅನ್ನೋದು. ಅಜ್ಜ ದಿನಕ್ಕೆ ಬರೀ 10 ಕೊಟ್ರೂ ತಿಂಗಳಿಗೆ 300 ಆಯ್ತು, ಅಂದ್ರೆ ದುಡ್ಡಿನ ವಿಷ್ಯ ಆಗ್ಲೇ ಮನೆಯೊಳಗೆ ಬಂದು ಕೂತಿದೆ, ಪಾಕೆಟ್ ಮನಿ ಅನ್ನೋ ಹೆಸರು ಮಾತ್ರ ಇಟ್ಟಿಲ್ಲ. ಎಷ್ಟು ಬರತ್ತೆ, ಯಾವಾಗ ಬರತ್ತೆ, ಕೇಳಿದ್ರೆ ಇನ್ನೂ ಸ್ವಲ್ಪ ಸಿಗತ್ತಾ, ಅತ್ರೆ ಇಪ್ಪತ್ತು ಆಗತ್ತಾ ಅನ್ನೋದೊಂದೇ ಈಗ ಅವನು ಕಲೀತಿರೋ ಪಾಠ. ಅದಕ್ಕೆ ಬದಲು ವಾರಕ್ಕೊಂದ್ಸಲ, ಶನಿವಾರ ಸ್ಕೂಲು ಮುಗಿದ ಮೇಲೆ, 20 ರೂಪಾಯಿ ಅಂತ ಫಿಕ್ಸ್ ಮಾಡಿ. ಅದನ್ನ ಅಜ್ಜನೇ ಕೊಡ್ಲಿ, ಅವ್ರ ಸಂತೋಷ ಯಾಕೆ ಕಿತ್ಕೋಬೇಕು. ಆದ್ರೆ ವಾರದ ಮಧ್ಯೆ ಒಂದು ರೂಪಾಯೀನೂ ಇಲ್ಲ. ತಿಂಗಳಿಗೊಂದ್ಸಲ ಕೊಡಬೇಡಿ, ಆ ವಯಸ್ಸಿಗೆ ತಿಂಗಳು ಅನ್ನೋದು ಕೈಗೆ ಸಿಗಲ್ಲ, 'ಬರೋ ಶನಿವಾರ' ಅನ್ನೋದು ಸಿಗತ್ತೆ.

20 ಯಾಕೆ ಅಂತ ಕೇಳಬಹುದು. ಏನೂ ಶಾಸ್ತ್ರ ಇಲ್ಲ ಇದಕ್ಕೆ. ನಿಮ್ಮ ಏರಿಯಾದಲ್ಲಿ ಆ ದುಡ್ಡಿಗೆ ಒಂದು ಸಣ್ಣದು ತಕ್ಷಣ ಸಿಗ್ಬೇಕು, ಮಿರ್ಚಿನೋ ರಬ್ಬರೋ ಐಸ್‌ಕ್ಯಾಂಡಿನೋ, ಆದ್ರೆ ಅವನಿಗೆ ನಿಜವಾಗ್ಲೂ ಬೇಕಾಗಿರೋದಕ್ಕೆ ಮೂರು ನಾಲ್ಕು ವಾರ ಕಾಯ್ಬೇಕು, ಅಷ್ಟಿರ್ಲಿ. ಮೊದಲ್ನೇ ವಾರದಲ್ಲೇ ಎಲ್ಲಾ ಸಿಕ್ಕಿಬಿಟ್ರೆ ಜಾಸ್ತಿ ಆಯ್ತು, ಎರಡು ತಿಂಗಳು ಕಾದ್ರೂ ಏನೂ ಬರಲ್ಲ ಅಂದ್ರೆ ಕಮ್ಮಿ ಆಯ್ತು. ಐದು, ಎರಡರ ನಾಣ್ಯದಲ್ಲೇ ಕೊಡಿ, ನೋಟು ಬೇಡ, ಎಣಿಸಿ ಜೋಡಿಸಿ ಇಡೋಕಾಗತ್ತೆ. ಹತ್ತರ ನಾಣ್ಯ ಮಾತ್ರ ಕೊಡೋಕೆ ಹೋಗ್ಬೇಡಿ. ಹತ್ತರ ನಾಣ್ಯದ 14 ಡಿಸೈನೂ ಚಲಾವಣೇಲಿದೆ, ಯಾರೂ ಬೇಡ ಅನ್ನೋ ಹಾಗಿಲ್ಲ ಅಂತ ಆರ್‌ಬಿಐ 2018ರಲ್ಲೇ ಸ್ಪಷ್ಟ ಮಾಡಿದೆ, ಆದ್ರೂ ನಮ್ಮ ಕಡೆ ಎಷ್ಟೋ ಅಂಗಡೀಲಿ 'ಇದು ನಡೆಯಲ್ಲ' ಅಂತ ವಾಪಸ್ ತಳ್ತಾರೆ, ಮೊದಲ್ನೇ ಸಲ ಸ್ವಂತ ದುಡ್ಡು ಹಿಡ್ಕೊಂಡು ಹೋದ ಹುಡುಗನಿಗೆ ಆ ಅನುಭವ ಬೇಡ.

ಇನ್ನು ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ದುಡ್ಡು ಕೊಡಲ್ಲ ಅಂತೇನಿಲ್ಲ, ಕೊಡ್ತಾನೇ ಇರ್ತೀವಿ, ಆದ್ರೆ ಕೊಟ್ಟಿದ್ದು ಅವ್ರದಾಗೋಕೆ ಬಿಡಲ್ಲ. ಮದುವೆಗೆ ಹೋಗಿರ್ತೀವಿ, ಸೋದರಮಾವ 100 ರೂಪಾಯಿ ಕೈಗೆ ಇಟ್ರು, ಮಗು ಇನ್ನೂ ನೋಟಿನ ಬಣ್ಣ ನೋಡ್ತಿರತ್ತೆ, ಅಷ್ಟರಲ್ಲಿ ಅಮ್ಮ 'ಕೊಡು ಇಲ್ಲಿ, ಕಳ್ಕೊಂಡ್ಬಿಡ್ತೀಯ, ನಾನಿಟ್ಟಿರ್ತೀನಿ' ಅಂತ ಪರ್ಸಿಗೆ ಹಾಕ್ಕೊಂಡಾಯ್ತು. ಆ ನೂರು ಆಮೇಲೆ ಎಲ್ಲಿ ಹೋಯ್ತು ಅಂತ ಯಾರಾದ್ರೂ ಮಗುಗೆ ಲೆಕ್ಕ ಕೊಟ್ಟಿದ್ದು ಉಂಟಾ? ಆಟೋಗೋ ಹಾಲಿಗೋ ಹೋಗಿರತ್ತೆ. ಹುಂಡಿ ಕಥೇನೂ ಅದೇ. ಗಣೇಶನ ಹಬ್ಬಕ್ಕೆ ಮಣ್ಣಿನ ಹುಂಡಿ ತಂದು ಕೊಟ್ಟು ಉಳಿಸು ಉಳಿಸು ಅಂತೀವಿ, ಗ್ಯಾಸ್ ಸಿಲಿಂಡರ್ ಬಂದ ದಿನ ಚಿಲ್ರೆ ಇಲ್ಲ ಅಂತ ಹೇರ್‌ಪಿನ್ ಹಾಕಿ ಅದ್ರಿಂದಾನೇ ತೆಗೀತೀವಿ. ಉಳಿಸಿದ್ದು ಹೋಗತ್ತೆ, ತಿಂದಿದ್ದು ಮಾತ್ರ ನಂದು ಅಂತ ಮಗು ಲೆಕ್ಕ ಹಾಕಿದ್ರೆ ಅದ್ರ ತಪ್ಪೇನಿದೆ ಹೇಳಿ, ಅದು ನೋಡಿರೋದೇ ಅದು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಮಾರ್ಷ್‌ಮ್ಯಾಲೋ ಟೆಸ್ಟ್ ಬಗ್ಗೆ ಕೇಳಿರ್ತೀರ, ಮಗು ಮುಂದೆ ಒಂದು ಮಿಠಾಯಿ ಇಟ್ಟು, 15 ನಿಮಿಷ ತಿನ್ನದೆ ಕಾದ್ರೆ ಇನ್ನೊಂದು ಕೊಡ್ತೀನಿ ಅನ್ನೋದು, ಸ್ಟ್ಯಾನ್‌ಫರ್ಡಲ್ಲಿ ವಾಲ್ಟರ್ ಮಿಶೆಲ್ ಅನ್ನೋರು ಶುರು ಮಾಡಿದ್ದು, ಕಾಯೋ ಮಕ್ಕಳು ಮುಂದೆ ಉದ್ಧಾರ ಆಗ್ತಾರೆ ಅಂತ ವಾಟ್ಸಾಪಲ್ಲಿ ಓಡಾಡ್ತಿರತ್ತಲ್ಲ ಅದೇ. 2018ರಲ್ಲಿ ಇನ್ನೂ ಜಾಸ್ತಿ ಮಕ್ಕಳ ಮೇಲೆ ನೋಡ್ದಾಗ, ಮನೆ ಪರಿಸ್ಥಿತಿ ಎಲ್ಲಾ ಲೆಕ್ಕಕ್ಕೆ ತಗೊಂಡ್ರೆ ಆ ಸಂಬಂಧ ತುಂಬಾ ಸಣ್ಣದಾಗಿಬಿಡ್ತು. ನನಗೆ ಅದಕ್ಕಿಂತ ಇಷ್ಟ ಆಗೋದು ಅಮೆರಿಕದ ರೋಚೆಸ್ಟರ್ ಯೂನಿವರ್ಸಿಟಿಯವ್ರು 2013ರಲ್ಲಿ ಪ್ರಕಟಿಸಿದ್ದು. ಅವ್ರು ಮಿಠಾಯಿಗೆ ಮುಂಚೆ ಮಕ್ಕಳಿಗೆ ಸವೆದುಹೋದ ಕ್ರೆಯಾನ್ ಕೊಟ್ಟು, ಸ್ವಲ್ಪ ಕಾಯಿ ಒಳ್ಳೇದು ತರ್ತೀನಿ ಅಂದ್ರು. ಅರ್ಧ ಮಕ್ಕಳಿಗೆ ಹೇಳ್ದಂಗೆ ತಂದ್ರು, ಮಿಕ್ಕವ್ರಿಗೆ 'ಸಾರಿ, ಇಲ್ಲ' ಅಂತ ಬರಿಗೈಲಿ ಬಂದ್ರು. ಆಮೇಲೆ ಮಿಠಾಯಿ ಇಟ್ರೆ ಮಾತು ಉಳಿಸ್ಕೊಂಡವ್ರ ಹತ್ರ ಮಕ್ಕಳು ಸರಾಸರಿ 12 ನಿಮಿಷ ಕಾದ್ವು, ಮಾತು ತಪ್ಪಿದವ್ರ ಹತ್ರ 3 ನಿಮಿಷ. 28 ಮಕ್ಕಳ ಸಣ್ಣ ಅಧ್ಯಯನ ಅದು, ಒಪ್ಕೋತೀನಿ, ಆದ್ರೆ ವ್ಯತ್ಯಾಸ ಸಣ್ಣದಲ್ಲ. ಕಾದ್ರೆ ಸಿಗತ್ತೆ ಅನ್ನೋ ನಂಬಿಕೆ ಇಲ್ದಿದ್ರೆ ದೊಡ್ಡವ್ರೂ ಕಾಯಲ್ಲ, ಇನ್ನು ಮಕ್ಕಳು ಕಾಯ್ತಾವಾ.

ಆದ್ದರಿಂದ ಶನಿವಾರದ ಆ 20 ರೂಪಾಯಿ ವಿಷ್ಯದಲ್ಲಿ ನೀವೇ ಕೆಲವು ಕಟ್ಟುಪಾಡು ಹಾಕ್ಕೋಬೇಕು. ಮರೀಬಾರ್ದು. ತಡ ಮಾಡಬಾರ್ದು. ಗಲಾಟೆ ಮಾಡ್ದ, ಹೋಮ್‌ವರ್ಕ್ ಮಾಡ್ಲಿಲ್ಲ ಅಂತ ಕಟ್ ಮಾಡಬಾರ್ದು, ಅದಕ್ಕೆ ಬೇರೆ ಶಿಕ್ಷೆ ಕೊಡಿ. ಎಲ್ಲಾದ್ರೂ ಚಿಲ್ರೆ ಬೇಕಾಗಿ ಅವನ ಡಬ್ಬಿಯಿಂದ ತಗೊಂಡ್ರೆ ಅವನನ್ನ ಕೇಳಿ ತಗೊಳ್ಳಿ, ಹೇಳಿದ ದಿನ ವಾಪಸ್ ಇಡಿ, ಬೇಕಿದ್ರೆ ಒಂದು ಚೀಟೀಲಿ ಬರ್ದು ಡಬ್ಬಿಗೆ ಅಂಟಿಸಿ. ಅಜ್ಜನ ಜೇಬಿಂದ ಕೇಳದೆ ತಗೋಬಾರ್ದು ಅಂತ ಅವನಿಗೆ ಅರ್ಥ ಆಗೋದು ಹಾಗೇ, ಅವನ ಡಬ್ಬೀನೂ ಮನೆಯವ್ರು ಕೇಳದೆ ಮುಟ್ಟಲ್ಲ ಅಂತ ಕಂಡಾಗ. ಡಬ್ಬಿ ಅಂದ್ನಲ್ಲ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಆಗಿರ್ಲಿ, ಒಡೆದೇ ತೆಗೀಬೇಕಾದ ಹುಂಡಿ ಬೇಡ. ಎಷ್ಟಾಯ್ತು ಅಂತ ಕಾಣ್ತಿರ್ಬೇಕು, ತೆಗೆದ್ರೆ ಕಮ್ಮಿ ಆಗಿದ್ದೂ ಕಾಣ್ಬೇಕು.

ಮತ್ತೆ, ಅವನು ಏನಾದ್ರೂ ಕೆಟ್ಟದಾಗಿ ಖರ್ಚು ಮಾಡಿದ್ರೆ ಸುಮ್ನಿರಿ. ಮಾಡ್ತಾನೆ. ಮೂರು ವಾರ ಕೂಡಿಟ್ಟು 60 ರೂಪಾಯಿಗೆ ಜಾತ್ರೇಲಿ ಒಂದು ಲೈಟಿನ ಬುಗುರಿ ತಂದು ಮಾರನೇ ದಿನಕ್ಕೇ ಅದು ಹಾಳಾಗಿ ಅಳ್ತಾ ಕೂರ್ತಾನೆ. ಆಗ 'ನಾನು ಹೇಳಿರ್ಲಿಲ್ವಾ' ಅಂತ ಶುರು ಮಾಡ್ಬೇಡಿ, ಇನ್ನೊಂದು ಕೊಡಿಸ್ಲೂಬೇಡಿ. ಎರಡನೇದು ಜಾಸ್ತಿ ಮುಖ್ಯ. ಈಗ 60 ರೂಪಾಯಿಗೆ ಆಗೋ ಬೇಜಾರು ಇಪ್ಪತ್ತೈದನೇ ವಯಸ್ಸಲ್ಲಿ ಬೈಕ್ ಲೋನ್ ಸೈನ್ ಮಾಡೋವಾಗ ಆದ್ರೆ ತುಂಬಾ ದುಬಾರಿ. ಆರೋಗ್ಯಕ್ಕೆ, ಜೀವಕ್ಕೆ ತೊಂದ್ರೆ ಆಗೋದು ಬಿಟ್ಟು ಬಾಕಿ ಅವನಿಷ್ಟ ಅಂತ ಬಿಡೋಕೆ ಆಗುತ್ತಾ ನೋಡಿ, ಹೆತ್ತವ್ರಿಗೆ ಹೊಟ್ಟೆ ಉರಿಯತ್ತೆ, ಗೊತ್ತು.

'ಸ್ಕ್ಯಾನ್ ಮಾಡು' ಅನ್ನೋದಕ್ಕೆ ಬರೋಣ. ಯುಪಿಐ ಬಂದಿದ್ದು 2016ರಲ್ಲಿ, ನಿಮ್ಮ ಮಗ ಹುಟ್ಟಿರೋದೇ ಅದಾದ ಮೇಲೆ. ಅವನು ನೋಡಿರೋದೇನು, ಅಮ್ಮ ಫೋನ್ ತೋರಿಸ್ತಾಳೆ, ಅಂಗಡಿ ಸ್ಪೀಕರು 'ಇಷ್ಟು ರೂಪಾಯಿ ಬಂದಿದೆ' ಅಂತ ಕೂಗತ್ತೆ, ಸಾಮಾನು ಸಿಗತ್ತೆ, ಫೋನು ಮತ್ತೆ ಅಮ್ಮನ ಕೈಲೇ ಇದೆ. ದುಡ್ಡು ಬಂತು ಅಂತ ಕೂಗೋ ಮಷಿನ್ ಇದೆ, ಹೋಯ್ತು ಅಂತ ಕೂಗೋದು ಯಾವುದೂ ಇಲ್ಲ. ಎಟಿಎಂ ಕಥೇನೂ ಅಷ್ಟೇ, ಕಾರ್ಡ್ ಹಾಕಿದ್ರೆ ಗೋಡೆ ದುಡ್ಡು ಕೊಡತ್ತೆ. ಹಾಗಾಗಿ ಒಂದೆರಡು ತಿಂಗಳು ವಾರದ ತರಕಾರಿ ದುಡ್ಡನ್ನ ಮಾತ್ರ ಕ್ಯಾಶಲ್ಲಿ ಇಟ್ಕೊಳ್ಳಿ. ಭಾನುವಾರ ಮಾರ್ಕೆಟ್ಟಿಗೆ ಹೋಗೋವಾಗ 400 ರೂಪಾಯಿ ಒಂದು ಬೇರೆ ಪರ್ಸಲ್ಲಿ ಹಾಕಿ ಅದನ್ನ ಮಗನ ಕೈಗೆ ಕೊಡಿ, ಕೊಡೋದೂ ಚಿಲ್ರೆ ಇಸ್ಕೊಳ್ಳೋದೂ ಅವನದೇ ಕೆಲ್ಸ. ಟೊಮ್ಯಾಟೊ ರೇಟು ಜಾಸ್ತಿ ಆದ ವಾರ ಪರ್ಸು ಬೇಗ ಖಾಲಿಯಾಗಿ ಹಣ್ಣಿಗೆ ಉಳಿಯಲ್ಲ, ಸೇಬು ಬಿಡೋಣ್ವಾ ಸೊಪ್ಪು ಬಿಡೋಣ್ವಾ ಅಂತ ಅವನನ್ನೇ ಕೇಳಿ. ಬಜೆಟ್ ಅಂತ ನೀವು ಬೋರ್ಡ್ ಮೇಲೆ ಬರೆದು ಕಲಿಸೋದಕ್ಕಿಂತ ಇದು ಬೇಗ ಇಳಿಯತ್ತೆ. ಫೋನಲ್ಲಿ ಕೊಟ್ಟಾಗ್ಲೂ ಬ್ಯಾಂಕಿನ ಮೆಸೇಜ್ ಬರತ್ತಲ್ಲ, ಅದನ್ನ ಜೋರಾಗಿ ಓದಿ ಹೇಳಿ, 'ನೋಡಪ್ಪ, 85 ಹೋಯ್ತು' ಅಂತ.

ನಾಲ್ಕು ವರ್ಷದ ಮಗಳಿಗೆ ಪಾಕೆಟ್ ಮನಿ ಏನೂ ಬೇಡ. ಆ ವಯಸ್ಸಿನ ಮಗು ಮುಂದೆ ಒಂದು ಕಡೆ ಐದರ ಒಂದು ನಾಣ್ಯ, ಇನ್ನೊಂದು ಕಡೆ ಒಂದೊಂದು ರೂಪಾಯಿಯ ಮೂರು ಇಟ್ಟು ಯಾವ್ದು ಬೇಕು ಅಂದ್ರೆ ಸಾಮಾನ್ಯವಾಗಿ ಮೂರನ್ನೇ ಬಾಚ್ಕೊಳ್ಳತ್ತೆ. ಎಷ್ಟಿದೆ ಅಂತ ಕಣ್ಣಲ್ಲೇ ಅಳೆಯೋ ವಯಸ್ಸು ಅದು. ಅಷ್ಟೇ ನಾಣ್ಯಾನ ದೂರ ದೂರ ಜೋಡಿಸಿದ್ರೂ ಜಾಸ್ತಿ ಆಯ್ತು ಅಂತಾವೆ, ಪಿಯಾಜೆ ಅನ್ನೋ ಸ್ವಿಸ್ ಮನಶ್ಶಾಸ್ತ್ರಜ್ಞರು ಇದನ್ನ ಎಷ್ಟೋ ವರ್ಷದ ಹಿಂದೇನೇ ತೋರಿಸಿದಾರೆ, ಆರು ಏಳರ ಹೊತ್ತಿಗೆ ತಾನಾಗೇ ಸರಿ ಹೋಗತ್ತೆ. ಅಲ್ಲೀವರೆಗೂ ಆಟ ಆಡಿಸಿ ಸಾಕು. ನಾಣ್ಯ ವಿಂಗಡಿಸೋದು, ಅಂಗಡಿ ಆಟ, ನೋಟಲ್ಲಿ ಏನೇನಿದೆ ಹುಡುಕೋದು. 50ರ ನೀಲಿ ನೋಟಿನ ಹಿಂದೆ ಹಂಪಿ ಕಲ್ಲಿನ ರಥ ಇದೆ, ಅದರ ಎಡಗಡೆ ಭಾಷೆಗಳ ಪಟ್ಟೀಲಿ ನಾಲ್ಕನೇ ಸಾಲು ಕನ್ನಡ, ಅಣ್ಣನಿಗೆ ಓದೋಕೆ ಹೇಳಿ. ನೋಟು ಪ್ರಿಂಟ್ ಆಗೋ ನಾಲ್ಕು ಊರಲ್ಲಿ ನಮ್ಮ ಮೈಸೂರೂ ಒಂದು ಅಂದ್ರೆ ಆ ವಯಸ್ಸಿನವ್ರಿಗೆ ಅದೇ ದೊಡ್ಡ ಸುದ್ದಿ, 'ಹಂಗಾದ್ರೆ ಅಲ್ಲಿ ಹೋಗಿ ಜಾಸ್ತಿ ಪ್ರಿಂಟ್ ಮಾಡಿಸ್ಕೊಂಡು ಬರೋಣ' ಅನ್ನೋ ಪ್ರಶ್ನೆಗೆ ಮಾತ್ರ ರೆಡಿ ಇರಿ. ಎಲ್ರಿಗೂ ಒಂದೊಂದು ಮೂಟೆ ದುಡ್ಡು ಸಿಕ್ಕಿ ಅಂಗಡೀಲಿ ಇರೋದು ಹತ್ತೇ ಚಾಕ್ಲೇಟ್ ಆದ್ರೆ ಅಂಗಡಿಯವ್ನು ರೇಟು ಏನು ಮಾಡ್ತಾನೆ ಅಂತ ವಾಪಸ್ ಕೇಳಿ, ಏಳು ವರ್ಷದವನು ಉತ್ತರ ಹೇಳ್ತಾನೆ. ಬಸ್ಸಲ್ಲಿ ಅಪ್ಪ ದುಡ್ಡು ಕೊಡ್ತಾರೆ ಅಮ್ಮಂಗೆ ಯಾಕೆ ಫ್ರೀ ಅಂತಾನೂ ಕೇಳೇ ಕೇಳ್ತಾರೆ, ಶಕ್ತಿ ಯೋಜನೆ ಬಂದು 2023ರ ಜೂನ್‌ನಿಂದ ಇದು ನಡೀತಿದೆಯಲ್ಲ. ಆ ಶೂನ್ಯ ಟಿಕೆಟ್ಟಿನ ದುಡ್ಡನ್ನ ಸರ್ಕಾರ ಸಾರಿಗೆ ನಿಗಮಕ್ಕೆ ಕೊಡ್ಬೇಕು, ಸರ್ಕಾರಕ್ಕೆ ನಾವು ಬಿಸ್ಕೆಟ್ ಸೋಪು ಕೊಂಡಾಗ ಕಟ್ಟೋ ಟ್ಯಾಕ್ಸಿಂದ ಬರತ್ತೆ ಅಂತ ಅಲ್ಲೇ ಸೀಟಲ್ಲೇ ಹೇಳಬಹುದು.

ಮನೆಕೆಲ್ಸಕ್ಕೆ ದುಡ್ಡು: ಬೇಡ. ತಟ್ಟೆ ಎತ್ತಿಡೋದು, ಹಾಸಿಗೆ ಮಡಚೋದು ಮನೆಯವ್ರೆಲ್ಲ ಮಾಡೋ ಕೆಲ್ಸ, ನಿಮಗೆ ಯಾರೂ ಸಂಬಳ ಕೊಡ್ತಿಲ್ಲ. 1973ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಚಿತ್ರ ಬಿಡಿಸೋಕೆ ಇಷ್ಟಪಡೋ ಪುಟ್ಟ ಮಕ್ಕಳಿಗೆ ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದ್ಲೇ ಹೇಳಿ ಕೊಟ್ರು, ಒಂದೆರಡು ವಾರ ಬಿಟ್ಟು ನೋಡಿದ್ರೆ ಆ ಮಕ್ಕಳು ಬೇರೆಯವ್ರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸ್ತಿದ್ವು. ತಟ್ಟೆ ಎತ್ತಿಡೋಕೆ ಇವತ್ತು 2 ರೂಪಾಯಿ ಕೊಟ್ರೆ ನಾಳೆ 'ಇವತ್ತು ನಂಗೆ ದುಡ್ಡು ಬೇಡ' ಅಂತ ಎದ್ದು ಹೋಗ್ತಾನೆ, ಆಗ ನೀವೇನೂ ಹೇಳೋ ಹಾಗಿಲ್ಲ. ಹೊರಗಿನವ್ರಿಗೆ ದುಡ್ಡು ಕೊಟ್ಟು ಮಾಡಿಸ್ತಿದ್ದ ಕೆಲ್ಸ ಇದ್ರೆ, ಹಳೇ ಪೇಪರ್ ಜೋಡಿಸಿ ಕಟ್ಟಿ ರದ್ದಿಗೆ ಹಾಕೋ ತರದ್ದು, ಅದ್ರಲ್ಲಿ ಅವನಿಗೊಂದು ಪಾಲು ಕೊಡಿ, ಅದು ಬೇರೆ.

ದುಡಿಮೆ ಅನ್ನೋದು ತೋರಿಸ್ಬೇಕು ಅಂದ್ರೆ ಸ್ಕೂಲಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಅಂತ ಮಾಡ್ತಾರಲ್ಲ, ಅದು ಚಿನ್ನದಂಥ ಅವಕಾಶ, ನಾವು ಅದನ್ನ ಫೋಟೋ ತೆಗೆಯೋಕೆ ಮಾತ್ರ ಬಳಸ್ತೀವಿ. ಅಪ್ಪ ಬೆಳಗ್ಗೆ ಮಾರ್ಕೆಟ್ಟಿಂದ 200 ರೂಪಾಯಿ ಸೊಪ್ಪು ತಂದು ಕೊಡ್ತಾನೆ, ಹುಡುಗ ಮೇಷ್ಟ್ರಿಗೆ ಟೀಚರ್‌ಗೆ ಮಾರಿ 260 ತರ್ತಾನೆ, ಮನೇಲೆಲ್ಲ 'ಅಬ್ಬಾ 260 ದುಡ್ದ' ಅಂತಾರೆ. ಅಸಲು ಯಾರೂ ಕೇಳಲ್ಲ. ಕೂರಿಸಿ ಅಸಲು 200 ತೆಗೆಸಿ ಪಕ್ಕಕ್ಕಿಡಿಸಿ, ಆಟೋ ಚಾರ್ಜ್ 40 ತೆಗೆಸಿ, ಉಳಿದಿದ್ದು 20. ಮುಖ ಸಪ್ಪಗಾಗತ್ತೆ. ಹೋದ ಶನಿವಾರ ಅಜ್ಜ ಕೊಟ್ಟಷ್ಟೇ ದುಡ್ಡಿಗೆ ಬೆಳಗ್ಗಿಂದ ಮಧ್ಯಾಹ್ನದವರೆಗೂ ಬಿಸಿಲಲ್ಲಿ ನಿಂತಿದ್ದೆ ಅಂತ ಅವನಿಗೇ ಹೊಳೆಯತ್ತೆ, ನೀವು ಹೇಳೋದೇ ಬೇಡ.

'ದುಡ್ಡಿಲ್ಲ ಕಣೋ' ಅನ್ನೋದನ್ನ ದಯವಿಟ್ಟು ಬಿಡಿ. ಅವನಿಗೆ ದುಡ್ಡಿಲ್ಲ ಅಂದು ಎರಡು ನಿಮಿಷಕ್ಕೆ ನೀವು 600 ರೂಪಾಯಿ ಬಿಲ್ ಕಟ್ತೀರ, ಅವನು ನೋಡ್ತಿರ್ತಾನೆ. 'ದುಡ್ಡಿದೆ, ಆದ್ರೆ ಇವತ್ತು ಇದಕ್ಕಲ್ಲ, ನಿನ್ನ ಡಬ್ಬಿ ದುಡ್ಡಲ್ಲಿ ಬೇಕಿದ್ರೆ ತಗೋ' ಅನ್ನಿ, ಎಷ್ಟೋ ಸಲ ಸ್ವಂತ ದುಡ್ಡು ಅಂದ ತಕ್ಷಣ ಆ ಸಾಮಾನು ಅಷ್ಟು ಬೇಕಾಗಿರಲ್ಲ. ನಿಜವಾಗ್ಲೂ ಕೈ ಬಿಗಿ ಇರೋ ತಿಂಗಳು ಅದನ್ನೂ ಹೇಳಿ, ಈ ತಿಂಗಳು ಹೊರಗಡೆ ತಿನ್ನೋದು ಇಲ್ಲ ಅಂತ ಅಷ್ಟು ಮಾತ್ರ. ಸಾಲ, ಇಎಂಐ ಅಂತ ರಾತ್ರಿ ಗಂಡ ಹೆಂಡತಿ ಜಗಳ ಆಡೋದನ್ನ ಕೇಳಿಸ್ಕೊಂಡು ಮನೆ ಹೋಗ್ಬಿಡತ್ತೇನೋ ಅಂತ ಹೆದ್ರೋ ಮಕ್ಕಳಿರ್ತಾರೆ, ನಿಮ್ಮನೆಯವ್ರ ಆತಂಕ ಅದಾಗಿದ್ರೆ ಅದು ಸರೀನೇ.

ಅಕೌಂಟ್ ಬಗ್ಗೆ. ಮಗುಗೆ ಎಷ್ಟೇ ವಯಸ್ಸಾಗಿರ್ಲಿ ಪೋಷಕರ ಮೂಲಕ ಸೇವಿಂಗ್ಸ್ ಖಾತೆ ತೆಗೀಬಹುದು. 10 ತುಂಬಿದ ಮಕ್ಕಳು ತಾವೇ ಸೈನ್ ಮಾಡಿ ತೆಗೆದು ನಡೆಸೋಕೂ ಬ್ಯಾಂಕುಗಳು ಅವಕಾಶ ಕೊಡಬಹುದು ಅಂತ ಆರ್‌ಬಿಐ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಎಷ್ಟು ದುಡ್ಡಿನ ಮಿತಿ, ಎಟಿಎಂ ಕಾರ್ಡ್ ಕೊಡ್ತಾರಾ ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು. ನಿಮ್ಮ ಮಗನಿಗೆ ಇನ್ನೂ ಮೂರು ವರ್ಷ ಇದೆ, ಈಗ ತೆಗೆದ್ರೆ ಅವನಿಗೆ ಕಾಣೋದು ಒಂದು ಪಾಸ್‌ಬುಕ್ ಮಾತ್ರ, ಡಬ್ಬಿ ತುಂಬಿದಾಗ ಕರ್ಕೊಂಡು ಹೋಗಿ ಅವನ ಕೈಯಲ್ಲೇ ಸ್ಲಿಪ್ ಬರೆಸಿ ಕಟ್ಟಿಸೋ ಹಾಗಿದ್ರೆ ತೆಗೀರಿ, ಇಲ್ಲಾಂದ್ರೆ 10 ಆಗ್ಲಿ. ಮಗಳ ಹೆಸ್ರಲ್ಲಿ ಸುಕನ್ಯಾ ಸಮೃದ್ಧಿ, ಅಂದ್ರೆ ಹೆಣ್ಣುಮಕ್ಕಳಿಗಿರೋ ಸರ್ಕಾರದ ಉಳಿತಾಯ ಖಾತೆ, ಅದನ್ನ ಮಾತ್ರ ತಡ ಮಾಡ್ಬೇಡಿ, 10 ವರ್ಷ ತುಂಬೋದ್ರೊಳಗೆ ತೆಗೀಬೇಕು, ಪೋಸ್ಟಾಫೀಸಲ್ಲೇ ಆಗತ್ತೆ, ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ, 15 ವರ್ಷ ಕಟ್ಬೇಕು, ಖಾತೆ ತೆಗೆದು 21 ವರ್ಷಕ್ಕೆ ಮುಗಿಯತ್ತೆ. ಆದ್ರೆ ಅದು ನಿಮ್ಮ ಉಳಿತಾಯ, ಅದ್ರಿಂದ ಮಗಳಿಗೆ ದುಡ್ಡಿನ ಪಾಠ ಆಗತ್ತೆ ಅಂದ್ಕೋಬೇಡಿ. ಮದುವೆ ಮುಂಜೀಲಿ ನೆಂಟರು ಕೊಟ್ಟ ದುಡ್ಡನ್ನ ಅಲ್ಲಿಗೆ ಹಾಕೋದಾದ್ರೂ ಅದ್ರಲ್ಲಿ ಒಂದು 20-30 ಅವಳ ಕೈಲೇ ಬಿಟ್ಟು, ಮಿಕ್ಕಿದ್ದು ಎಲ್ಲಿ ಹೋಯ್ತು ಅಂತ ತೋರಿಸಿ.

ಕೊನೇದಾಗಿ ನೀವು ಕೇಳ್ದೇ ಇರೋದು ಒಂದಿದೆ. ಕ್ರಿಕೆಟ್ ಕಾರ್ಡ್ ಹುಚ್ಚು ಇರೋ ಹುಡುಗನಿಗೆ ಫೋನ್ ಗೇಮಲ್ಲಿ ಕಾಯಿನ್ಸು, ಸ್ಕಿನ್ನು (ಆಟದ ಪಾತ್ರಕ್ಕೆ ಹಾಕೋ ಹೊಸ ವೇಷ) ಕೊಳ್ಳೋದು ಅಂತ ಶುರು ಆಗೋಕೆ ಜಾಸ್ತಿ ದಿನ ಬೇಡ, ಅಲ್ಲಿ ದುಡ್ಡು ದುಡ್ಡಿನ ತರಾನೇ ಕಾಣಲ್ಲ, ಬರೀ ಬಣ್ಣದ ಹರಳು. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಪ್ರತಿ ಸಲ ಏನಾದ್ರೂ ಕೊಳ್ಳೋವಾಗ ಪಾಸ್‌ವರ್ಡ್ ಕೇಳೋ ಹಾಗೆ ಮಾಡೋ ಆಪ್ಷನ್ ಇದೆ, ಆನ್ ಮಾಡಿ. ಅಲ್ಲಿ ನಿಮ್ಮ ಕಾರ್ಡ್ ಸೇವ್ ಆಗಿದ್ರೆ ತೆಗೆದುಹಾಕಿ, ಯುಪಿಐ ಆ್ಯಪಲ್ಲಿ ಆಟೋಪೇ (ದುಡ್ಡು ತಾನಾಗೇ ಕಟ್ ಆಗೋದು) ಅನ್ನೋ ಕಡೆ ಹೋಗಿ ಯಾವ್ಯಾವುದಕ್ಕೆ ಒಪ್ಪಿಗೆ ಕೊಟ್ಟಿದೆ ನೋಡಿ. ನಿಮ್ಮ ಯುಪಿಐ ಪಿನ್ ಅವನಿಗೆ ಗೊತ್ತಾ ಅಂತಾನೂ ಕೇಳಿ, ಬಹುಶಃ ಗೊತ್ತಿರತ್ತೆ, ಗೊತ್ತಿದ್ರೆ ಬೈಯದೇ ಇವತ್ತೇ ಬದಲಾಯಿಸಿ.